ಸುಣ್ಣ ಕಾಣದ ಗೋಡೆ

ಔಷಧ ಎನ್ನುವುದು ಸರಿ, ಔಷಧಿ ಎನ್ನುವುದು ತಪ್ಪು. ಮೂವತ್ತೊಂದು ವರ್ಷ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ ಅನ್ನ ತಿಂದವನು ನಾನು. ಮದುವೆ ಕಾಗದದಲ್ಲಿ ‘ಆಶಿರ್ವಾದ’ ಅಂತ ಕಂಡರೆ ಆ ಮದುವೆಯ ಊಟ ನನಗೆ ಸೇರುತ್ತಿರಲಿಲ್ಲ. ಒಂದು ಸಲ ‘ಔಷಧಿ ಅಂಗಡಿ’ ಎಂಬ ಬೋರ್ಡು ನೋಡಿ, ಒಳಗೆ ಹೋಗಿ ಮಾಲೀಕನಿಗೆ ಪಾಠ ಹೇಳಿ, ತರಬೇಕಾಗಿದ್ದ ಮಾತ್ರೆಯನ್ನೇ ಮರೆತು ಮನೆಗೆ ಬಂದಿದ್ದೆ. ನನ್ನ ಹೆಂಡತಿ ಇದನ್ನು ನೆಂಟರಿಷ್ಟರ ಮುಂದೆಲ್ಲ ಹೇಳಿ ನಗುತ್ತಾಳೆ. ನಗಲಿ. ಅವಳಿಗೆ ಗೊತ್ತಿರುವ ಇನ್ನೊಂದು ಸಂಗತಿ ಇದೆ, ಅದರ ಬಗ್ಗೆ ಅವಳು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಅದನ್ನು ಈಗ ನಾನೇ ಹೇಳಬೇಕಾಗಿದೆ.

ಅದು ನಮ್ಮ ಹಿಂಬದಿ ಮನೆಯ ಅಕ್ಕನ ವಿಷಯ. ಬದುಕಿದ್ದಷ್ಟು ದಿನ ಅಕ್ಕ ಎಂದೇ ಕರೆದೆ, ಇಲ್ಲೂ ಹಾಗೇ ಬರೆಯುತ್ತೇನೆ. ಅವರ ಹೆಸರು ಹಾಕಿ ಹೊಗಳುವ ಮುಖ ನನಗಿಲ್ಲ. ಅವರು ಹೋಗಿ ಮೊನ್ನೆ ಶ್ರಾವಣಕ್ಕೆ ಒಂದು ವರ್ಷ ತುಂಬಿತು.

ವಿದ್ಯಾರಣ್ಯಪುರಂನಲ್ಲಿ ನಮ್ಮದೂ ಅವರದೂ ಬೆನ್ನಿಗೆ ಬೆನ್ನು ಹಚ್ಚಿದ ಸೈಟುಗಳು. ಎರಡು ಹಿತ್ತಲಿಗೂ ನಡುವೆ ಎದೆಮಟ್ಟದ ಒಂದೇ ಗೋಡೆ. ನಾನು ಮುದ್ರಣಾಲಯದಿಂದ ನಿವೃತ್ತನಾದ ಹೊಸತರಲ್ಲಿ ಏನಾದರೂ ಬೆಳೆಯೋಣ ಎಂಬ ಹುಕಿ ಹತ್ತಿತು. ಪುಸ್ತಕ ತಂದು ಓದಿ, ಬದನೆ ಸಸಿ ನೆಡಲು ಕೂತೆ. ಆಳವಾಗಿ ಗುಂಡಿ ತೋಡಿ, ಸಸಿಯನ್ನು ಕತ್ತಿನವರೆಗೆ ಮುಚ್ಚಿ, ಸುತ್ತ ಕಾಲಲ್ಲಿ ತುಳಿದು ಗಟ್ಟಿ ಮಾಡುತ್ತಿದ್ದೆ. ಗೋಡೆಯಾಚೆಯಿಂದ ಒಂದು ದನಿ ಕೇಳಿತು.

“ಏನ್ ಮೇಷ್ಟ್ರೇ, ಗಿಡ ನೆಡ್ತಾ ಇದೀರೋ, ಹೆಣ ಹೂಳ್ತಾ ಇದೀರೋ?”

ತಲೆ ಎತ್ತಿ ನೋಡಿದರೆ ಕೆಂಪು ಕಲ್ಲಿನ ಮೂಗುಬೊಟ್ಟು, ತಲೆಗೆ ಸುತ್ತಿದ ಹಳೇ ಟವೆಲು, ಬಾಯಿ ತುಂಬ ಎಲೆಅಡಿಕೆ.

“ನಾನು ಮೇಷ್ಟ್ರಲ್ಲ ಕಣ್ರೀ. ಪ್ರೆಸ್ಸಲ್ಲಿ ಪ್ರೂಫ್ ನೋಡ್ತಿದ್ದೆ.”

“ಅಂಗಂದ್ರೇನು?”

“ಬೇರೆಯವರು ಬರೆದಿದ್ರಲ್ಲಿ ತಪ್ಪು ಹುಡುಕಿ ತಿದ್ದೋದು.”

“ತಪ್ಪು ತಿದ್ದೋರು ಮೇಷ್ಟ್ರಲ್ದೆ ಇನ್ನೇನು ಬುಡಿ,” ಅಂದವರೇ ರಸ್ತೆ ಸುತ್ತಿ ನಮ್ಮ ಹಿತ್ತಲಿಗೆ ಬಂದರು. ನಾನು ನೆಟ್ಟ ಹನ್ನೆರಡು ಸಸಿಯನ್ನೂ ಕಿತ್ತು, ಬೇರು ಕೊಡವಿ, ಎರಡು ಬೆರಳು ಆಳದಲ್ಲಿ ನೆಟ್ಟು, ಒಂದೊಂದಕ್ಕೂ ಒಂದೊಂದು ಚೊಂಬು ನೀರು ಹಾಕಿದರು. ಹೋಗುವಾಗ ಸಸಿಗಳ ಕಡೆ ತಿರುಗಿ, “ಎದರ್ಕೋಬೇಡಿ ಕಣ್ರವ್ವಾ, ಇವರು ಹೊಸಬರು” ಅಂದರು.

ಅವರು ನಂಜನಗೂಡು ಕಡೆಯ ಒಕ್ಕಲು ಮನೆಯ ಹೆಣ್ಣು. ಮದುವೆಯಾಗಿ ಮೈಸೂರಿಗೆ ಬಂದು, ದೇವರಾಜ ಮಾರ್ಕೆಟ್ಟಿನ ಹೊರಗೆ ಇಪ್ಪತ್ತು ವರ್ಷ ಕುಕ್ಕೆ ಇಟ್ಟುಕೊಂಡು ತರಕಾರಿ ಮಾರಿದ್ದರು. ಮಗ ವೈರಿಂಗ್ ಕೆಲಸ ಕಲಿತು ಮನೆ ನಡೆಸಲು ಶುರು ಮಾಡಿದ ಮೇಲೆ ಬಿಟ್ಟರು. ಅಷ್ಟು ವರ್ಷ ಹೂಕೋಸು ಮಾರಿದವರು ಮನೆಯಲ್ಲಿ ಒಂದು ದಿನವೂ ಹೂಕೋಸು ಬೇಯಿಸಿದವರಲ್ಲ. ಯಾಕೆ ಎಂದು ಕೇಳಿದ್ದಕ್ಕೆ, “ಕೋಸು ತೊಳೆದ ನೀರು ಮೋರಿಗೆ ಚೆಲ್ಲಿದ್ರೆ ಮೋರಿ ನೊಣ ಸಾಯ್ತಿದ್ವು ಮೇಷ್ಟ್ರೇ. ನೊಣಕ್ಕೆ ಆಗದ್ದು ನಮ್ ಹೈಕ್ಳಿಗೆ ಆಯ್ತದಾ?” ಅಂದರು. “ಅದ್ನೇ ಬೇರೆಯವರ ಮಕ್ಕಳಿಗೆ ಮಾರ್ದೆ. ಹೊಟ್ಟೆಪಾಡು. ಈಗ ಈ ಅಂಗೈ ಅಗಲ ಜಾಗದಾಗಾದ್ರೂ ಒಂದ್ ತೊಟ್ಟು ವಿಷ ಬೀಳದಂಗೆ ನೋಡ್ಕಂತೀನಿ.”

ಆ ಅಂಗೈ ಅಗಲ ಜಾಗದಲ್ಲಿ ಅವರು ಬೆಳೆಯದ ತರಕಾರಿ ಇರಲಿಲ್ಲ. ಈರನಗೆರೆ ಬದನೆ, ಹೀರೆ, ಹಾಗಲ, ಕುಂಬಳ, ದಂಟು, ಮೂಲೆಯಲ್ಲೊಂದು ಪಪ್ಪಾಯಿ, ಒಂದು ಸೀಬೆ. ಅಕ್ಕಿ ತೊಳೆದ ನೀರು ಬದನೆಗೆ, ಹುಳಿ ಬಂದ ಮಜ್ಜಿಗೆ ಕರಿಬೇವಿಗೆ, ಸೌದೆ ಒಲೆಯ ಬೂದಿ ದಂಟಿಗೆ. ಬೂದಿಯನ್ನು ಇಬ್ಬನಿ ಆರುವ ಮೊದಲೇ ಎರಚಬೇಕು, ಆಮೇಲೆ ಎರಚಿದರೆ ಎಲೆಗೆ ಅಂಟುವುದಿಲ್ಲ ಎಂದು ಬೆಳಿಗ್ಗೆ ಆರಕ್ಕೆ ನನ್ನ ಕಿಟಕಿ ತಟ್ಟಿ ಎಬ್ಬಿಸುತ್ತಿದ್ದರು. ಚೆನ್ನಾಗಿರುವ ಕಾಯೊಂದಕ್ಕೆ ಹಳೇ ಸೀರೆಯ ಅಂಚು ಕಟ್ಟಿ ಬಿಡುವರು. ಅದು ಬೀಜದ್ದು. ಎಷ್ಟೇ ದೊಡ್ಡ ನೆಂಟರು ಬಂದರೂ ಅದನ್ನು ಮುಟ್ಟುವಂತಿಲ್ಲ. ಒಮ್ಮೆ ಸೊಸೆಯ ತವರಿನಿಂದ ಬಂದ ಬೀಗರು ತಿಳಿಯದೆ ಅಂಥದ್ದೊಂದು ಹೀರೇಕಾಯಿ ಕಿತ್ತುಬಿಟ್ಟರು. ಅಕ್ಕ ಎರಡು ದಿನ ಆ ಬೀಗರ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಅಕ್ಕನೇ ಕೋಳಿ ಸಾರು ಮಾಡಿ ಬಡಿಸಿದರು, ಅದು ಬೇರೆ ಮಾತು.

ಇನ್ನು ಹುಳಕ್ಕೆ ಅಕ್ಕ ಹಾಕುತ್ತಿದ್ದ ಔಷಧಿ. ಬೇವಿನ ಬೀಜ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜಜ್ಜಿ, ಗಂಜಲದಲ್ಲಿ ಮೂರು ದಿನ ನೆನೆಹಾಕಿ, ಸೋಸಿ, ಪೊರಕೆಯಲ್ಲಿ ಅದ್ದಿ ಗಿಡಕ್ಕೆ ಚಿಮುಕಿಸುತ್ತಿದ್ದರು. ಅವತ್ತು ನಮ್ಮ ಮನೆಯಲ್ಲಿ ಹಿತ್ತಲ ಬಾಗಿಲು ಮುಚ್ಚಿಯೇ ಊಟ. ಅಕ್ಕನ ಬಾಯಲ್ಲಿ ಅದಕ್ಕೆ ‘ಔಷಧಿ’ ಎಂದು ಹೆಸರು. ಅಂಗಡಿಯಿಂದ ಬಾಟಲಿಯಲ್ಲಿ ತರುವ ಕೀಟನಾಶಕವನ್ನು ಊರಿನ ರೈತರೆಲ್ಲ ಔಷಧಿ ಎಂದೇ ಕರೆಯುತ್ತಾರಲ್ಲ, ‘ಔಷಧಿ ಹೊಡೆದೆ’ ಅನ್ನುತ್ತಾರಲ್ಲ, ಅಕ್ಕ ಮಾತ್ರ ಸತ್ತರೂ ಹಾಗೆ ಅನ್ನುತ್ತಿರಲಿಲ್ಲ. ಅದು ‘ವಿಷ’. ಅಷ್ಟೇ.

“ಔಷಧಿ ಅಲ್ಲ ಅಕ್ಕ, ಔಷಧ,” ಎಂದು ನಾನು ಎಷ್ಟೋ ಸಲ ತಿದ್ದಿದೆ.

“ನೀವು ಅಕ್ಸರ ತಿದ್ಕಳಿ ಮೇಷ್ಟ್ರೇ, ನಾನು ಹುಳ ತಿದ್ತೀನಿ,” ಎಂದು ಅವರು ಎಷ್ಟೋ ಸಲ ನಕ್ಕರು.

ಗೋಡೆಯ ಆ ಬದಿಗೆ, ಕಲ್ಲುಗಳ ಸಂದಿಯಲ್ಲಿ ಬೆರಳು ತೂರುವಷ್ಟು ಒಂದು ತೂತಿತ್ತು. ಅದರೊಳಗೆ ನಸರಿ ಜೇನು ಗೂಡು ಕಟ್ಟಿತ್ತು. ಇವು ಕಚ್ಚುವ ಜೇನಲ್ಲ. ಸೊಳ್ಳೆಗಿಂತ ಒಂದಿಷ್ಟು ದಪ್ಪ, ಕಪ್ಪಗೆ. ತೂತಿನ ಬಾಯಲ್ಲಿ ಮೇಣದ ಪುಟ್ಟ ಕೊಳವೆ ಮಾಡಿಕೊಂಡು ಅದರೊಳಗೆ ಹೋಗಿ ಬಂದು ಮಾಡುತ್ತಿದ್ದವು. “ಕೂಲಿ ಕೇಳದ ಆಳುಗಳು,” ಎಂದು ಅಕ್ಕ ಎಲ್ಲರಿಗೂ ತೋರಿಸುವರು. ಜೇನು ತೆಗೆಯಲು ಯಾರನ್ನೂ ಬಿಡಲಿಲ್ಲ. ಬೆಳಿಗ್ಗೆ ಟೀ ಲೋಟ ಹಿಡಿದುಕೊಂಡು ಬಂದು ಆ ತೂತಿನ ಮುಂದೆ ಕುಕ್ಕರಗಾಲಲ್ಲಿ ಕೂತು, “ಎದ್ರಾ? ಹೊರಡಿ ಹೊರಡಿ, ಕುಂಬಳ ಹೂ ಬಿಟ್ಟು ಆಗ್ಲೇ ಹೊತ್ತಾಯ್ತು,” ಎಂದು ಗದರುತ್ತಿದ್ದರು. ಆ ಆಳುಗಳು ಗೋಡೆ ಹಾರಿ ನಮ್ಮ ಹಿತ್ತಲಿಗೂ ಬರುತ್ತಿದ್ದವು. ನನ್ನ ಹಾಗಲ, ಹೀರೆಗಳೆಲ್ಲ ಕಾಯಿ ಕಚ್ಚಿದ್ದು ಅವುಗಳಿಂದಲೇ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದೂ ಅದಕ್ಕೆ ಹೆದರಿಯೇ.

ಆರು ವರ್ಷದ ಹಿಂದೆ ನಮ್ಮ ಬಡಾವಣೆಯ ಸಂಘದವರು ನವರಾತ್ರಿಯಲ್ಲಿ ಕೈತೋಟದ ಸ್ಪರ್ಧೆ ಇಟ್ಟರು. ಅದರಲ್ಲಿ ಸಾವಯವ ಕೈತೋಟಕ್ಕೇ ಬೇರೆ ಬಹುಮಾನ. ಅಕ್ಕನಿಗೆ ಹೇಳಿದರೆ, “ಗಿಡಕ್ಕೆ ಯಾಕ್ರೀ ಪರೀಕ್ಸೆ, ನಾನೊಲ್ಲೆ” ಎಂದರು. ನನಗೆ ಮಾತ್ರ ಆಸೆ ಹುಟ್ಟಿತು. ಜೀವಮಾನವೆಲ್ಲ ಬೇರೆಯವರ ಪುಸ್ತಕ ತಿದ್ದಿದವನಿಗೆ ಎಲ್ಲೂ ತನ್ನ ಹೆಸರು ಅಚ್ಚಾಗುವುದಿಲ್ಲ. ಒಂದು ಸಲ ಆಗಲಿ ಅನ್ನಿಸಿತು. ಅನ್ನಿಸಬಾರದಿತ್ತು.

ತೀರ್ಪುಗಾರರು ಬರಲು ಹತ್ತು ದಿನ ಇರುವಾಗ ಚಪ್ಪರದ ಅವರೆಗೆ ಕರಿಹೇನು ಮುತ್ತಿತು. ಹೂಗೊಂಚಲೆಲ್ಲ ಕಪ್ಪು ಬಳಿದ ಹಾಗಾಯಿತು. ಅಕ್ಕ ಎರಡು ಸಲ ಅವರ ಔಷಧಿ ತಂದು ಚಿಮುಕಿಸಿದರು. “ಇನ್ನೆರಡು ಸಲ ಹಾಕುವ, ನಿಧಾನಕ್ಕೆ ಹೋಯ್ತವೆ,” ಅಂದರು. ನನಗೆ ನಿಧಾನ ಬೇಕಿರಲಿಲ್ಲ. ಲಷ್ಕರ್ ಮೊಹಲ್ಲಾದವರೆಗೆ ಹೋಗಿ, ಗುರುತಿನವರು ಯಾರೂ ಸಿಗದ ಅಂಗಡಿಯಲ್ಲಿ ಒಂದು ಪುಟ್ಟ ಬಾಟಲಿ ತಂದೆ. ಅದರ ಜೊತೆ ಒಂದು ಚೀಟಿ ಇತ್ತು. ಗಿಡ ಹೂ ಬಿಟ್ಟಿರುವಾಗ ಸಿಂಪಡಿಸಬೇಡಿ, ಜೇನುಹುಳುಗಳಿಗೆ ಅಪಾಯ ಎಂದು ಅಚ್ಚುಕಟ್ಟಾಗಿ ಕನ್ನಡದಲ್ಲಿತ್ತು. ಅಪಾಯ ಅನ್ನುವುದು ‘ಆಪಾಯ’ ಎಂದು ಅಚ್ಚಾಗಿತ್ತು. ಛೆ, ಯಾವ ಪುಣ್ಯಾತ್ಮ ನೋಡಿದನೋ ಇದರ ಪ್ರೂಫು ಅಂದುಕೊಂಡೆ. ತಪ್ಪು ಕಂಡಿತು. ಏನು ಬರೆದಿದೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಲಿಲ್ಲ. ಇಲ್ಲ, ಸುಳ್ಳೇಕೆ, ತಂದುಕೊಂಡೆ. ಒಂದು ಸಲಕ್ಕೆ ಏನಾಗುತ್ತದೆ ಎಂದು ಚೀಟಿ ಮಡಚಿ ಒಲೆಗೆ ಹಾಕಿದೆ.

ಅಕ್ಕ ಬೆಳಿಗ್ಗೆ ಹಾಲಿಗೆ ಹೋದ ಹೊತ್ತು ನೋಡಿ ಅವರೆ ಚಪ್ಪರಕ್ಕೂ ಪಕ್ಕದ ಹಾಗಲಕ್ಕೂ ಹೊಡೆದೆ. ಎರಡೂ ತುಂಬು ಹೂವಿನಲ್ಲಿದ್ದವು. ಸಂಜೆಯ ಹೊತ್ತಿಗೆ ಹೇನೆಲ್ಲ ಉದುರಿದ್ದವು. ಅಕ್ಕ ಗೋಡೆಯ ಮೇಲೆ ಕೈಯಿಟ್ಟು ನೋಡಿದರು.

“ಅಯ್ ಶಿವ್ನೆ, ಒಂದೂ ಇಲ್ವಲ್ಲ! ಏನ್ ಮಾಡ್ಬುಟ್ರಿ ಮೇಷ್ಟ್ರೇ?”

“ಔಷಧಿ ಹಾಕ್ದೆ ಅಕ್ಕ,” ಅಂದೆ.

ಔಷಧ ಅನ್ನಲಿಲ್ಲ. ಅವತ್ತು ಒಂದು ದಿನ ಮಾತ್ರ ಬೇಕೆಂದೇ ಅವರ ಮಾತನ್ನು ಅವರ ಹಾಗೇ ಆಡಿದೆ. ಅವರು ಏನು ತಿಳಿದುಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಊರಿನವರ ಲೆಕ್ಕದಲ್ಲಿ ನಾನು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಸುಳ್ಳು ಇರಲಿಲ್ಲ. ಅವರೋ, ಎಲೆಅಡಿಕೆ ಬಾಯಿ ಅಗಲಿಸಿ ನಕ್ಕು, “ಕೊನೆಗೂ ಔಷಧಿ ಅನ್ನಕ್ಕೆ ಕಲ್ತ್ರಲ್ಲ, ದಾರಿಗೆ ಬಂದ್ರಿ ಬುಡಿ!” ಅಂದರು.

ಅದರ ಹಿಂದಿನ ದಿನವಷ್ಟೇ ಅಕ್ಕ ಪಕ್ಷದ ಹಬ್ಬಕ್ಕೆಂದು ಮನೆಗೆ ಸುಣ್ಣ ಹೊಡೆದಿದ್ದರು. ತೀರಿಹೋದ ಹಿರಿಯರಿಗೆ ಹೊಸ ಬಟ್ಟೆ, ಊಟ ಎಡೆ ಇಡುವ ಹಬ್ಬ ಅದು. ಹಿರಿಯರು ಬರುವ ಮನೆ ಕೊಳಕಾಗಿರಬಾರದು ಎಂದು ಹಿತ್ತಲ ಗೋಡೆಯನ್ನೂ ಬಿಟ್ಟಿರಲಿಲ್ಲ. ಜೇನಿನ ತೂತಿನ ಸುತ್ತ ಬಟ್ಟೆ ಅಡ್ಡ ಹಿಡಿದು ಎಚ್ಚರದಿಂದಲೇ ಹೊಡೆದಿದ್ದರು.

ಎರಡು ದಿನಕ್ಕೆ ಜೇನು ಸಾಯತೊಡಗಿದವು. ಗೋಡೆಯ ಬುಡದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಬಿದ್ದಿದ್ದವು. ನಾಲ್ಕನೇ ದಿನ ಮೇಣದ ಕೊಳವೆಯಲ್ಲಿ ಒಂದೂ ಓಡಾಡಲಿಲ್ಲ. ಅಕ್ಕ ಅವನ್ನೆಲ್ಲ ಗುಡಿಸಿ ಮೊರಕ್ಕೆ ತುಂಬಿಕೊಂಡು, ಗೋಡೆಯ ಹತ್ತಿರ ಬಂದು ನನ್ನನ್ನು ಕೂಗಿದರು. ಅವರು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

“ನೋಡಿ ಮೇಷ್ಟ್ರೇ, ನಾನೇ ಸಾಯಿಸ್ಬುಟ್ಟೆ. ಸುಣ್ಣದ ಗಾಟು ತಡೀನಿಲ್ಲ ಇವು. ಹಾಳು ಮುಂಡೇದು, ಆ ಗೋಡೆ ಒಂದ್ ಬಿಟ್ಟಿದ್ರೆ ಯಾವ ಹಿರೀಕರು ಬೇಡ ಅಂತಿದ್ರು?”

ಈಗ ಹೇಳು, ಈಗ ಹೇಳು ಎಂದು ಒಳಗೆ ಹೊಡೆದುಕೊಳ್ಳುತ್ತಿತ್ತು. ಬಾಯಿಂದ ಬಂದದ್ದು, “ಇರಲಿ ಬಿಡಿ ಅಕ್ಕ, ಬೇಕು ಅಂತ ಮಾಡಿದ್ದಲ್ವಲ್ಲ” ಎಂಬ ಮಾತು. ಸಮಾಧಾನ ಬೇರೆ ಹೇಳಿದೆ! ಜೀವಮಾನದಲ್ಲಿ ಲಕ್ಷ ತಪ್ಪು ತಿದ್ದಿದವನು, ನನ್ನ ಕಣ್ಣ ಮುಂದೆ ಒಬ್ಬರು ತಮ್ಮ ಮೇಲೆ ಬರೆದುಕೊಂಡ ಅಷ್ಟು ದೊಡ್ಡ ತಪ್ಪನ್ನು ತಿದ್ದದೆ ಬಿಟ್ಟೆ.

ನವರಾತ್ರಿಯಲ್ಲಿ ತೀರ್ಪುಗಾರರು ಮೂವರು ಬಂದರು. ಅವರಲ್ಲೊಬ್ಬರು ನನ್ನ ಅವರೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ಚೊಕ್ಕಟ ಇದೆಯಲ್ಲ, ಏನೂ ಹೊಡೆದಿಲ್ಲ ತಾನೇ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಗೋಡೆಯಾಚೆಯಿಂದ ಅಕ್ಕ, “ಸ್ವಾಮಿ, ಈ ತೋಟಕ್ಕೆ ಒಂದ್ ತೊಟ್ಟು ವಿಷ ಬಿದ್ದಿಲ್ಲ. ನಾನೇ ಸಾಕ್ಸಿ. ನಮ್ ಮೇಷ್ಟ್ರು ಅಂಥೋರಲ್ಲ,” ಅಂದರು. ಎರಡನೇ ಬಹುಮಾನ ಬಂತು. ಪ್ರಮಾಣಪತ್ರದಲ್ಲಿ ನನ್ನ ಹೆಸರಿತ್ತು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಇದ್ದದ್ದೆಲ್ಲ ಸುಳ್ಳು.

ಬಾಟಲಿ ಹೆಂಡತಿಯ ಕೈಗೆ ಸಿಕ್ಕಿದ್ದು ದೀಪಾವಳಿಗೆ ಅಟ್ಟ ಗುಡಿಸುವಾಗ. ಅವಳು ಓದಿದಳು, ನನ್ನ ಮುಖ ನೋಡಿದಳು. “ಹೋಗಿ ಹೇಳಿಬಿಡಿ,” ಅಂದಳು. ಹೇಳುತ್ತೇನೆ ಅಂದೆ. ಪ್ರಮಾಣಪತ್ರವನ್ನು ಗೋಡೆಯಿಂದ ಇಳಿಸಿ ಬೀರುವಿನ ಹಿಂದೆ ತಳ್ಳಿದೆ. ಅಷ್ಟೇ ನನ್ನ ಕೈಲಾದ ಪ್ರಾಯಶ್ಚಿತ್ತ.

ಅಕ್ಕನ ಪ್ರಾಯಶ್ಚಿತ್ತ ಬೇರೆಯೇ ಇತ್ತು. ಮಾರನೇ ವರ್ಷದಿಂದ ಮನೆಗೆಲ್ಲ ಸುಣ್ಣ ಬಳಿದರೂ ಆ ಹಿತ್ತಲ ಗೋಡೆಗೆ ಮಾತ್ರ ಬಳಿಯಲು ಬಿಡಲಿಲ್ಲ. ಮಳೆಗೆ ಪಾಚಿ ಕಟ್ಟಿ, ಬಿಸಿಲಿಗೆ ಕಪ್ಪಾಗಿ, ಹಕ್ಕಳೆ ಎದ್ದು ಆ ಗೋಡೆ ಹಾಳುಬಿದ್ದ ಮನೆಯದ್ದರಂತೆ ಕಾಣತೊಡಗಿತು. ಸೊಸೆ ಗೊಣಗಿದಳು, ಬಂದವರು ಕೇಳಿದರು. “ಅದು ನನ್ ಲೆಕ್ಕ, ಇರ್ಲಿ ಬುಡಿ,” ಅನ್ನುತ್ತಿದ್ದರು.

ಜೇನಿಲ್ಲದ ಮೇಲೆ ಕುಂಬಳ ಹೂ ಬಿಟ್ಟರೂ ಕಾಯಿ ಕಚ್ಚದೆ ಉದುರತೊಡಗಿತು. ಅಕ್ಕ ಬೆಳಿಗ್ಗೆ ಬೆಳಿಗ್ಗೆ ಎದ್ದು, ಗಂಡು ಹೂ ಕಿತ್ತು, ಪಕಳೆ ಬಿಡಿಸಿ, ಒಂದೊಂದೇ ಹೆಣ್ಣು ಹೂವಿಗೆ ಮುಟ್ಟಿಸುತ್ತಾ ಹೋಗುತ್ತಿದ್ದರು. ಆ ಹೊತ್ತಿಗಾಗಲೇ ಅವರ ಮಂಡಿ ಹಾಳಾಗಿತ್ತು. ಗೋಡೆ ಹಿಡಿದು ಕೂರುವುದು, ಗೋಡೆ ಹಿಡಿದು ಏಳುವುದು. ಅಡುಗೆಮನೆ ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. “ಯಾಕಕ್ಕ ಈ ಕಷ್ಟ, ಅಂಗಡಿಲಿ ತಂದರಾಯ್ತು,” ಎಂದು ಒಮ್ಮೆ ಹೇಳಿದ್ದಕ್ಕೆ, “ಆಳು ಸಾಯಿಸ್ದೋಳು ಆಳಿನ ಕೆಲ್ಸ ಮಾಡ್ಬೇಕು ಮೇಷ್ಟ್ರೇ,” ಎಂದು ನಕ್ಕರು. ಆಮೇಲೆ ನನ್ನ ಹಿತ್ತಲಿಗೂ ಬಂದು ನನ್ನ ಹಾಗಲದ ಹೂಗಳಿಗೂ ಮುಟ್ಟಿಸಿ ಹೋದರು. ಆ ಹಾಗಲಕಾಯಿ ತಿನ್ನಲು ನನಗೆ ಮನಸ್ಸಿರಲಿಲ್ಲ. ಆದರೂ ತಿಂದೆ. ತಿನ್ನದಿದ್ದರೆ ಯಾಕೆ ಎಂದು ಕೇಳುತ್ತಾರಲ್ಲ.

ಹೀಗೇ ಐದು ವರ್ಷ ಹೋಯಿತು. ಹೇಳಬೇಕು ಎಂದು ಗೋಡೆಯ ಹತ್ತಿರ ಹೋದದ್ದು ಎಷ್ಟು ಸಲವೋ. ಹೋದಾಗಲೆಲ್ಲ ಅವರು ಏನಾದರೂ ಕೊಟ್ಟುಬಿಡುತ್ತಿದ್ದರು, ಒಂದು ಕಟ್ಟು ದಂಟು, ನಾಲ್ಕು ಸೀಬೆ. ಕೈ ತುಂಬ ಇಸಕೊಂಡು ವಾಪಸ್ ಬರುತ್ತಿದ್ದೆ.

ಹೋದ ವರ್ಷ ಆಷಾಢದಲ್ಲಿ ಮಲಗಿದವರು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ನೋಡಲು ಹೋದೆ. ಇವತ್ತು ಹೇಳಿಯೇ ತೀರುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟು ಹೋಗಿದ್ದೆ. ಅಕ್ಕ ನನ್ನ ಕೈ ಹಿಡಿದುಕೊಂಡು, “ಆ ತೂತು ಮುಚ್ಬೇಡಿ ಮೇಷ್ಟ್ರೇ, ನಮ್ ಹುಡುಗಂಗೂ ಹೇಳಿ. ನನ್ ಪಾಪ ಕಳದ್ರೆ ಬಂದ್ರೂ ಬರ್ತವೆ,” ಅಂದರು. ಪಾಪ ನಿಮ್ಮದಲ್ಲ ಅಕ್ಕ ಅನ್ನಲು ಮೂರು ಪದ ಸಾಕಿತ್ತು. ಪಕ್ಕದ ಹಾಸಿಗೆಯವರು ಕೇಳಿಸಿಕೊಳ್ಳುತ್ತಾರೆ ಎಂದು ಸುಮ್ಮನಾದೆ. ಆಗಲಿ ಎಂದು ತಲೆಯಾಡಿಸಿ ಬಂದೆ. ಮೂರನೇ ದಿನ ಅವರು ಹೋದರು. ಹೆಂಡತಿ ಏನೂ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ವರ್ಷ ತುಂಬಿದ ಮೇಲೆ ಈ ಪಕ್ಷದಲ್ಲಿ ಅವರಿಗೆ ಮೊದಲ ಎಡೆ. ಹಬ್ಬಕ್ಕೆ ಎರಡು ದಿನ ಮುಂಚೆ ಮಗ ಸುಣ್ಣದ ಬಕೆಟ್ಟು ಹಿಡಿದು ಹಿತ್ತಲಿಗೆ ಬಂದ. ಗೋಡೆಯ ಮುಂದೆ ಬ್ರಷ್ಷು ಹಿಡಿದು ಸುಮ್ಮನೆ ನಿಂತಿದ್ದ.

“ಏನ್ ಮಾಡ್ಲಿ ಸಾರ್? ಅವ್ವಂಗೇ ಎಡೆ ಇಡೋ ವರ್ಷ ಗೋಡೆ ಇಂಗಿದ್ರೆ ಚೆಂದಾಗಿರಲ್ಲ. ಹೊಡುದ್ರೆ ಅವ್ವ ಬಯ್ಕಂತಾಳೆ. ಸುಣ್ಣದಿಂದ ಅವು ಸತ್ವು ಅಂತ ಸಾಯೋಗಂಟ ಕೊರಗಿದ್ಲು.”

“ಹೊಡಿಯಪ್ಪ. ಅವು ಸತ್ತಿದ್ದು ಸುಣ್ಣದಿಂದ ಅಲ್ಲ.”

“ನಿಮಗೆಂಗೆ ಗೊತ್ತು ಸಾರ್?”

ಆರು ವರ್ಷ ಯಾರೂ ಕೇಳದೆ ಇದ್ದ ಪ್ರಶ್ನೆ ಅದು. ಹೇಳಿದೆ. ಲಷ್ಕರ್ ಮೊಹಲ್ಲಾದ ಅಂಗಡಿ, ಒಲೆಗೆ ಹಾಕಿದ ಚೀಟಿ, ಔಷಧಿ ಎಂದ ಮಾತು, ಎಲ್ಲ. ಬಯ್ಯುತ್ತಾನೆ ಎಂದುಕೊಂಡೆ, ಬಯ್ಯಲಿ ಎಂದು ಆಸೆಯಿತ್ತು. ಅವನು ಬಕೆಟ್ಟಿನೊಳಗೆ ನೋಡುತ್ತಾ ನಿಂತಿದ್ದ.

“ಮಂಡಿ ನೋವಲ್ಲಿ ದಿನಾ ಬೆಳಿಗ್ಗೆ...” ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದ. ಬ್ರಷ್ಷನ್ನು ಸುಣ್ಣಕ್ಕೆ ಅದ್ದಿ, “ನನಗ್ಯಾಕೆ ಹೇಳ್ತೀರಿ ಸಾರ್? ನಾಡಿದ್ದು ಎಡೆ ಇಡ್ತೀವಿ. ಬಂದು ಅವ್ವಂಗೇ ಹೇಳಿ,” ಅಂದ. ಆಮೇಲೆ ತೂತಿನ ಸುತ್ತ ಒಂದು ಗೇಣು ಜಾಗ ಬಿಟ್ಟು, ಉಳಿದ ಗೋಡೆಗೆಲ್ಲ ಸುಣ್ಣ ಬಳಿದ.

ಹಬ್ಬದ ದಿನ ನಾನೂ ಹೆಂಡತಿಯೂ ಹೋದೆವು. ನಡುಮನೆಯಲ್ಲಿ ಹೊಸ ಸೀರೆ, ಕಳಶ, ಬಾಳೆ ಎಲೆಯ ತುಂಬ ಅಕ್ಕನಿಗೆ ಇಷ್ಟವಾದದ್ದೆಲ್ಲ ಇತ್ತು. ಬದನೆಕಾಯಿ ಎಣ್ಣೆಗಾಯಿ, ಕೋಳಿ ಸಾರು, ಮುದ್ದೆ, ಪಕ್ಕದಲ್ಲಿ ಎಲೆಅಡಿಕೆ. ಎಲ್ಲರೂ ಧೂಪ ಹಾಕಿ ಕೈಮುಗಿದರು. ಆಮೇಲೆ ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ಹೋಗುವುದು ಪದ್ಧತಿ. ಮಗ ನನ್ನ ಮುಖ ನೋಡಿದ. ಎಲ್ಲರನ್ನೂ ಹೊರಗೆ ಕಳಿಸಿ, ನನ್ನೊಬ್ಬನನ್ನು ಒಳಗೆ ಬಿಟ್ಟ.

ಕೈಮುಗಿದು ನಿಂತೆ. ಏನೇನೋ ಹೇಳಬೇಕು ಎಂದು ಜೋಡಿಸಿಕೊಂಡು ಹೋಗಿದ್ದೆ, ಒಂದೂ ನೆನಪಾಗಲಿಲ್ಲ. ಬಂದದ್ದು ಎರಡೇ ತಿದ್ದುಪಡಿ.

“ಔಷಧಿ ಅಲ್ಲ ಅಕ್ಕ, ವಿಷ. ನೀವಲ್ಲ, ನಾನು.”

ಹೊರಗೆ ಬಂದೆ. ಮಗ ಬಾಗಿಲು ಎಳೆದುಕೊಂಡ. ಜಗಲಿಯ ಮೇಲೆ ಎಲ್ಲರೂ ಕಾಯುತ್ತಾ ಕೂತರು. ನಾನು ಮೆಟ್ಟಿಲ ಹತ್ತಿರ ನಿಂತೆ. ಇದನ್ನು ಕೇಳಿದ ಮೇಲೂ ಅಕ್ಕ ಕೂತು ಊಟ ಮಾಡಿಯಾರೇ ಎಂಬುದೊಂದೇ ನನ್ನ ಚಿಂತೆಯಾಗಿತ್ತು.